ಬೋರ್ ನೀರಿನ ಬಿಳಿ ಕಲೆ: ಕಾರಿನ ಗಾಜನ್ನು ಗೀರಿಲ್ಲದೆ ಶುಚಿಗೊಳಿಸುವ ಬಗೆ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಕಾರು ಇಟ್ಟುಕೊಂಡವರಿಗೆ ಗಾಜಿನ ಮೇಲಿನ ಬಿಳಿ ಚುಕ್ಕೆಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ತೊಳೆದ ಕಾರು ಒಣಗುತ್ತಿದ್ದಂತೆ ಕಿಟಕಿಯ ಗಾಜಿನ ಮೇಲೆ ಉಂಗುರದಾಕಾರದ ಕಲೆಗಳು ಮೂಡುತ್ತವೆ. ಮುಂದಿನ ವಾರ ತೊಳೆದಾಗ ಹಳೆಯ ಉಂಗುರಗಳ ಮೇಲೆ ಹೊಸವು ಕೂರುತ್ತವೆ. ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಗಾಜು ಮಂಕಾಗಿ, ರಾತ್ರಿ ಹೊತ್ತು ಹೊಸಪೇಟೆ–ಬಳ್ಳಾರಿ ಹೆದ್ದಾರಿಯಲ್ಲಿ ಎದುರು ಬರುವ ಲಾರಿಯ ಬೆಳಕು ಗಾಜಿನ ತುಂಬ ಚದುರಿ ರಸ್ತೆಯ ಅಂಚೇ ಕಾಣದಂತಾಗುತ್ತದೆ. ಇದು ಅಂದಚೆಂದದ ಮಾತಷ್ಟೇ ಆಗಿದ್ದರೆ ಇಷ್ಟು ವಿವರವಾಗಿ ಬರೆಯುವ ಅಗತ್ಯ ಬರುತ್ತಿರಲಿಲ್ಲ. ಗಾಡಿ ಓಡಿಸುವವರ ಕಣ್ಣಿಗೆ ಅಡ್ಡ ಬರುವ ಯಾವುದನ್ನೂ ಹಗುರವಾಗಿ ಕಾಣಬಾರದು.

ಈ ಕಲೆಗಳು ಸಾಬೂನಿಗೆ ಬಗ್ಗುವ ಕೊಳೆಯ ಜಾತಿಗೆ ಸೇರಿದವಲ್ಲ. ಬಚ್ಚಲಮನೆಯ ಹಂಡೆಯ ಒಳಮೈಗೆ ಕಟ್ಟುವ ಹಕ್ಕಳೆ ಯಾವುದೋ, ಗಾಜಿನ ಮೇಲಿನ ಚುಕ್ಕೆಯೂ ಅದೇ, ತೆಳ್ಳಗಿರುವುದೊಂದೇ ವ್ಯತ್ಯಾಸ. ಆದ್ದರಿಂದ ತೋಳಿನ ಬಲದಿಂದ ಇವನ್ನು ಉಜ್ಜಿ ತೆಗೆಯಲು ಹೊರಟವರು ಕಲೆಗಿಂತ ಮೊದಲು ಗಾಜನ್ನೇ ಸವೆಸುತ್ತಾರೆ. ಮೆದುವಾದ ಹುಳಿಯಲ್ಲಿ ನೆನೆಸಿ ಕರಗಿಸಬೇಕು, ಕರಗಿದ್ದನ್ನು ಲವಣ ಕಡಿಮೆಯಿರುವ ನೀರಿನಲ್ಲಿ ತೊಳೆಯಬೇಕು, ಕೊನೆಗೆ ಒಂದು ಹನಿಯೂ ತಾನಾಗಿ ಒಣಗದಂತೆ ಒರೆಸಬೇಕು. ಮುಂದೆ ಹೇಳುವುದೆಲ್ಲ ಈ ಮೂರು ಕೆಲಸಗಳ ವಿವರ.

ಕಲೆ ಕೂರುವ ಕಾರಣವನ್ನು ಸ್ವಲ್ಪ ತಿಳಿದುಕೊಂಡರೆ ತೆಗೆಯುವ ದಾರಿ ಸುಲಭವಾಗುತ್ತದೆ. ನಮ್ಮ ಭಾಗದ ನೆಲದಡಿಯಲ್ಲಿ ಬಹುಪಾಲು ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿ ಬಂಡೆಯಿದೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಬೀಳುವ ಮಳೆಯಲ್ಲಿ ಇಂಗಿದ ನೀರು ಆ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದವುಗಳ ಲವಣಗಳನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ನಿಗದಿಪಡಿಸಿರುವ ಐಎಸ್ 10500 ಮಾನದಂಡದ ಪ್ರಕಾರ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಅಳತೆ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಆಸರೆ ಇಲ್ಲದ ಕಡೆ ಮಾತ್ರ 600ರವರೆಗೆ ಒಪ್ಪಬಹುದು. ಕರಗಿದ ಒಟ್ಟು ಘನಾಂಶಕ್ಕೆ, ಅಂದರೆ ಆರ್‌ಒ ಯಂತ್ರದವರು ಟಿಡಿಎಸ್ ಎಂದು ಅಳೆದು ಹೇಳುವುದಕ್ಕೆ, ಈ ಮಿತಿಗಳು 500 ಮತ್ತು 2000. ನಿಮ್ಮ ಬೋರ್ ನೀರಿನ ಟಿಡಿಎಸ್ 1000 ಇದೆ ಎಂದುಕೊಳ್ಳಿ. ಒಂದು ಲೀಟರು ನೀರು ಪೂರ್ತಿ ಆವಿಯಾದರೆ ಸುಮಾರು ಒಂದು ಗ್ರಾಂ ಪುಡಿ ಉಳಿಯುತ್ತದೆ. ಮಿಲಿಲೀಟರಿಗೆ 20 ಹನಿ ಎಂದು ಲೆಕ್ಕ ಹಿಡಿದರೆ ಒಂದು ಹನಿಯಿಂದ ಗಾಜಿಗೆ ಅಂಟುವುದು ಮಿಲಿಗ್ರಾಮಿನ ಇಪ್ಪತ್ತನೆಯ ಒಂದು ಭಾಗ. ಅಷ್ಟು ಸಾಕು, ಬಿಸಿಲಿಗೆ ಹಿಡಿದಾಗ ಕಣ್ಣಿಗೆ ಕಾಣುವುದಕ್ಕೆ. ಮೀಟರು ಇಲ್ಲದವರು ಅಡುಗೆಮನೆಯಲ್ಲಿ ಕೇಳಿದರೂ ಆಗುತ್ತದೆ: ತೊಗರಿಬೇಳೆ ಬೇಗ ಬೇಯದ ನೀರು, ಸಾಬೂನಿಗೆ ನೊರೆ ಕೊಡದ ನೀರು ಗಾಜಿಗೂ ಆಗಿಬರುವುದಿಲ್ಲ.

ಹನಿ ಒಣಗುವಾಗ ಅದರ ಅಂಚು ಮೊದಲು ಆವಿಯಾಗುತ್ತದೆ. ನಡುವಿನ ನೀರು ಆ ಅಂಚಿನತ್ತ ಹರಿಯುತ್ತಾ ತನ್ನೊಳಗಿನ ಲವಣವನ್ನು ಅಲ್ಲಿಗೇ ಸಾಗಿಸುತ್ತದೆ. ಕಲೆ ಉಂಗುರದ ಆಕಾರ ತಳೆಯುವುದು ಈ ಕಾರಣದಿಂದ, ಮತ್ತು ಉಂಗುರದ ಅಂಚೇ ಎಲ್ಲಕ್ಕಿಂತ ಮೊಂಡಾಗಿರುವುದೂ ಇದರಿಂದಲೇ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ ಕಾದ ಗಾಜಿನ ಮೇಲೆ ನೀರು ಹೊಯ್ದರೆ ಒರೆಸುವ ಬಟ್ಟೆ ಕೈಗೆ ಬರುವ ಮುನ್ನವೇ ಹನಿಗಳು ಒಣಗಿರುತ್ತವೆ.

ಎಲ್ಲ ಬಿಳಿ ಕಲೆಗಳೂ ಒಂದೇ ಬಗೆಯವಲ್ಲ. ನೀರಿನಲ್ಲಿರುವ ಬೈಕಾರ್ಬೊನೇಟು ಆವಿಯಾಗುವಾಗ ಕಾರ್ಬೊನೇಟಾಗಿ ಕೂರುತ್ತದೆ. ಮಾತಿನಲ್ಲಿ ಸುಣ್ಣ ಎನ್ನುವ ಇದು ಹುಳಿಗೆ ಸುಲಭವಾಗಿ ಕರಗುತ್ತದೆ. ಅಡುಗೆ ಉಪ್ಪಿನ ಜಾತಿಯ ಲವಣಗಳು ಬರಿಯ ನೀರಿಗೇ ಕರಗುತ್ತವೆ. ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟು, ಹುಳಿಗೆ ಅಷ್ಟಾಗಿ ಜಗ್ಗುವುದಿಲ್ಲ. ಸಿಲಿಕಾ ಅಂಶವಂತೂ ವಿನೆಗರ್, ನಿಂಬೆಗೆ ಮಣಿಯುವುದೇ ಇಲ್ಲ. ಇವುಗಳ ಜೊತೆಗೆ ನಮ್ಮ ಊರುಗಳ ಧೂಳು ಬೆರೆಯುತ್ತದೆ: ಸಂಡೂರಿನ ಕಡೆ ಕಬ್ಬಿಣದ ಅದಿರಿನ ಕೆಂಪು ಧೂಳು, ಶಕ್ತಿನಗರದ ಸುತ್ತ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, ಗಂಗಾವತಿ–ಸಿಂಧನೂರಿನ ಕಡೆ ಭತ್ತದ ಕೊಯ್ಲಿನ ಹೊಟ್ಟು. ನಾನು ಕಂಡಂತೆ ಎಲ್ಲಕ್ಕಿಂತ ಕೆಟ್ಟ ಕಲೆ ಬರುವುದು ಮಾತ್ರ ಹೊಸ ಮನೆ ಕಟ್ಟುವಲ್ಲಿಂದ. ಕ್ಯೂರಿಂಗ್ ಮಾಡುವಾಗ ಗೋಡೆಯಿಂದ ಸಿಡಿದು, ಸೋರಿ ಪಕ್ಕದಲ್ಲಿ ನಿಂತ ಕಾರಿನ ಮೇಲೆ ಬೀಳುವ ಸಿಮೆಂಟು ನೀರಿನಲ್ಲಿ ಸುಣ್ಣದ ಅಂಶ ಹೇರಳವಾಗಿದ್ದು, ಅದರ ಕ್ಷಾರ ಗಾಜಿನ ಮೈಯನ್ನೇ ಕೊರೆಯತೊಡಗುತ್ತದೆ. ಅಂಥ ನೀರು ಬಿದ್ದದ್ದು ಕಂಡರೆ ಭಾನುವಾರದವರೆಗೆ ಕಾಯದೆ, ಒಣಗುವ ಮುನ್ನವೇ ಧಾರಾಳ ನೀರು ಹೊಯ್ದು ತೊಳೆಯಬೇಕು. ಮಾಳಿಗೆಯ ಮೇಲಿನ ಟ್ಯಾಂಕು ತುಂಬಿ ಹನಿಯುವ ಪೈಪಿನ ಕೆಳಗೆ ಕಾರು ನಿಲ್ಲಿಸುವ ರೂಢಿಯನ್ನೂ ಬಿಡಬೇಕು. ಒಂದೇ ಜಾಗಕ್ಕೆ ದಿನವೂ ಬೀಳುವ ಹನಿ ಅಲ್ಲೊಂದು ದಪ್ಪ ಬಿಲ್ಲೆಯನ್ನೇ ಕಟ್ಟಿಬಿಡುತ್ತದೆ.

ಕೆಲಸ ಶುರು ಮಾಡುವ ಮೊದಲು ಕಲೆ ಗಾಜಿನ ಮೇಲಿದೆಯೋ ಗಾಜಿನೊಳಕ್ಕೆ ಇಳಿದಿದೆಯೋ ನೋಡಿಕೊಳ್ಳಬೇಕು. ಗಾಜನ್ನು ತೊಳೆದು ಒಣಗಿಸಿ, ಉಂಗುರದ ಮೇಲೆ ಬೆರಳಿನ ಉಗುರನ್ನು ಮೆಲ್ಲಗೆ ಎಳೆಯಿರಿ. ಉಗುರಿಗೆ ಉಬ್ಬು ತಾಗಿದರೆ ಅದು ಮೇಲೆ ಕೂತ ಸುಣ್ಣ, ತೆಗೆಯಬಹುದು. ಉಗುರು ನುಣ್ಣಗೆ ಜಾರಿಹೋಗಿಯೂ ಉಂಗುರ ಕಾಣುತ್ತಿದ್ದರೆ ತೆಳು ಪದರವೂ ಇರಬಹುದು, ಗಾಜೇ ಸವೆದು ಕುಳಿಯಾಗಿರಲೂಬಹುದು. ಆಗ ಬಟ್ಟೆಯ ತುದಿಯನ್ನು ವಿನೆಗರಿನಲ್ಲಿ ಅದ್ದಿ ಒಂದೇ ಒಂದು ಚುಕ್ಕೆಯ ಮೇಲೆ ಐದು ನಿಮಿಷ ಒತ್ತಿ ಹಿಡಿದು, ತೊಳೆದು, ಒಣಗಿಸಿ ನೋಡಬೇಕು. ಒಣಗಿದ ಮೇಲೆ ನೋಡುವುದು ಮುಖ್ಯ. ಒದ್ದೆಯಿರುವಾಗ ಎಲ್ಲ ಕಲೆಗಳೂ ಮಾಯವಾದಂತೆ ಕಾಣುತ್ತವೆ. ಚುಕ್ಕೆ ಹೋಗಿದ್ದರೆ ಅಥವಾ ತಿಳಿಯಾಗಿದ್ದರೆ ಇಡೀ ಗಾಜಿಗೆ ಹುಳಿಯ ವಿಧಾನವೇ ಸಾಕು.

ಹೊತ್ತು ಯಾವುದೆಂದರೆ ಬೆಳಗಿನ ಜಾವ, ಇಲ್ಲವೇ ಸಂಜೆ ಗಾಜು ತಣ್ಣಗಾದ ಮೇಲೆ. ನೆರಳು ಬೇಕೇಬೇಕು. ಕೈಯಿಟ್ಟರೆ ಬೆಚ್ಚಗೆ ತಾಗುವ ಗಾಜಿನ ಮೇಲೆ ಹುಳಿ ಹಚ್ಚಿದರೆ ಅದು ಕರಗಿಸುವ ಮುನ್ನ ತಾನೇ ಒಣಗಿ ಇನ್ನೊಂದು ಕಲೆಯಾಗುತ್ತದೆ.

ಮೊದಲ ಹಂತ ಧೂಳು ತೊಳೆಯುವುದು. ಇದನ್ನು ಅವಸರದಲ್ಲಿ ಮುಗಿಸಬಾರದು ಎಂದು ಒತ್ತಿ ಹೇಳುತ್ತೇನೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಸುಣ್ಣದ ಹರಳು 3, ಗಾಜು ಸುಮಾರು 5.5, ಕಬ್ಬಿಣದ ಅದಿರಾದ ಹೆಮಟೈಟ್ 5.5ರಿಂದ 6.5, ನಮ್ಮ ಮಣ್ಣಿನ ತುಂಬ ಇರುವ ಬೆಣಚುಕಲ್ಲಿನ ಮರಳು 7. ಅಂದರೆ ಕಲೆಗಿಂತ ಗಾಜು ಗಟ್ಟಿ, ಗಾಜಿಗಿಂತ ಧೂಳು ಗಟ್ಟಿ. ಸಂಡೂರಿನಿಂದ ಬಂದ ಕಾರಿನ ಗಾಜನ್ನು ಒಣಬಟ್ಟೆಯಿಂದ ಒರೆಸಿದಾಗ ಬೀಳುವ ಸಣ್ಣ ಗೀರುಗಳು ಮತ್ತೆ ಯಾವ ಹುಳಿಗೂ ಹೋಗುವುದಿಲ್ಲ. ಆದ್ದರಿಂದ ಮೊದಲು ಬರೀ ನೀರಿನ ಧಾರೆಯಿಂದ ಧೂಳನ್ನು ಇಳಿಸಬೇಕು, ಆಮೇಲೆ ಕಾರು ಶಾಂಪೂ ಬೆರೆಸಿದ ನೀರಿನಲ್ಲಿ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯನ್ನು ಅದ್ದಿ ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಬಟ್ಟೆಯನ್ನು ಹಿಂಡಿ ಜಾಲಿಸಲು ಬೇರೊಂದು ಬಕೆಟ್ ಇರಲಿ. ಬಳ್ಳಾರಿಯಲ್ಲಿ ಅಗ್ಗಕ್ಕೆ ಸಿಗುವ ಜೀನ್ಸ್ ಬಟ್ಟೆಯ ಚೂರುಗಳನ್ನು ಗಾಜಿಗೆ ಬಳಸುವವರನ್ನು ನೋಡಿದ್ದೇನೆ. ಆ ಒರಟು ನೇಯ್ಗೆ ಚಕ್ರಕ್ಕೆ, ಎಂಜಿನ್ನಿನ ಎಣ್ಣೆಗೆ ಸರಿ, ಗಾಜಿನ ಹತ್ತಿರ ಬರಬಾರದು.

ಈಗ ಹುಳಿ. ಕಿರಾಣಿ ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರಿನಲ್ಲಿ ಅಸಿಟಿಕ್ ಆಮ್ಲ ಶೇಕಡಾ 4ರ ಆಸುಪಾಸು ಇರುತ್ತದೆ. ಅದಕ್ಕೆ ಅಷ್ಟೇ ಪ್ರಮಾಣದ ಆರ್‌ಒ ನೀರು ಬೆರೆಸಿ ಹೊಸ ಕಲೆಗಳಿಗೆ ಬಳಸಬಹುದು, ಹಳೆಯ ಕಲೆಗಳಿಗೆ ನೀರು ಬೆರೆಸದೆ ಬಳಸಬಹುದು. ನನಗೆ ಹೆಚ್ಚು ಒಪ್ಪಿಗೆಯಾದದ್ದು ನಿಂಬೆ ಉಪ್ಪು, ಅಂದರೆ ಹರಳು ರೂಪದ ಸಿಟ್ರಿಕ್ ಆಮ್ಲ. ಅರ್ಧ ಲೀಟರು ಆರ್‌ಒ ನೀರಿಗೆ 25 ಗ್ರಾಂ ಹಾಕಿ ಪೂರ್ತಿ ಕರಗುವವರೆಗೆ ಅಲ್ಲಾಡಿಸಿದರೆ ಶೇಕಡಾ 5ರ ದ್ರಾವಣ ಸಿದ್ಧವಾಗುತ್ತದೆ. ಇದಕ್ಕೆ ವಿನೆಗರಿನ ಘಾಟು ಇಲ್ಲ, ಬಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ನಿಂಬೆಹಣ್ಣಿನ ರಸವೂ ಕೆಲಸ ಮಾಡುತ್ತದೆಯಾದರೂ ಅದರ ತಿರುಳು ಮತ್ತು ಸಕ್ಕರೆಯ ಅಂಶ ಗಾಜಿಗೆ ಜಿಗುಟು ಬಿಡುವುದರಿಂದ ಬೇರೇನೂ ಸಿಗದಾಗ ಮಾತ್ರ ಬಳಸುವುದು ಲೇಸು. ದ್ರಾವಣವನ್ನು ಬೋರ್ ನೀರಿನಲ್ಲಿ ಕಲಸಬಾರದು. ಹುಳಿಯ ಒಂದಿಷ್ಟು ಶಕ್ತಿ ಆ ನೀರಿನ ಸುಣ್ಣಕ್ಕೇ ಖರ್ಚಾಗಿಬಿಡುತ್ತದೆ.

ಕಾರು ಎಲ್ಲಿ ನಿಂತಿದೆ ಎನ್ನುವುದನ್ನೂ ನೋಡಿ. ನಮ್ಮ ಮನೆಗಳ ಅಂಗಳದಲ್ಲಿ ಶಹಾಬಾದ್ ಕಲ್ಲು ಹಾಸಿರುವುದು ಸಾಮಾನ್ಯ, ಮತ್ತು ಅದು ಸುಣ್ಣದ ಕಲ್ಲು. ನಿಂಬೆ ಉಪ್ಪಿನ ದ್ರಾವಣದ ಒಂದು ಹನಿಯನ್ನು ಅದರ ಮೇಲೆ ಬಿಟ್ಟು ಬಗ್ಗಿ ನೋಡಿದರೆ ಹನಿಯ ಅಡಿಯಿಂದ ಸಣ್ಣ ಗುಳ್ಳೆಗಳು ಏಳುವುದು ಕಾಣುತ್ತದೆ. ಆಮ್ಲಕ್ಕೆ ಕಾರ್ಬೊನೇಟು ಕರಗಿ ಇಂಗಾಲದ ಡೈಆಕ್ಸೈಡು ಹೊರಬರುತ್ತಿರುವ ಗುರುತು ಅದು. ಒರೆಸಿದ ಮೇಲೆ ಆ ಜಾಗದ ಹೊಳಪು ಹೋಗಿರುತ್ತದೆ. ಗಾಜಿನ ಮೇಲಿನ ಕಲೆಗೆ ಆಗಬೇಕಾದದ್ದು ಇದೇ ಆದರೂ ಅಂಗಳಕ್ಕೆ ಆಗಬಾರದು. ಹಾಗಾಗಿ ಕಾರನ್ನು ಮಣ್ಣಿನ ನೆಲದ ಮೇಲೆ ನಿಲ್ಲಿಸಿ, ಇಲ್ಲವೇ ಕೆಲಸ ಮಾಡುವಷ್ಟು ಹೊತ್ತೂ ಕೆಳಗಿನ ಕಲ್ಲನ್ನು ನೀರು ಹೊಯ್ದು ತೊಳೆಯುತ್ತಿರಿ. ಬಾಗಿಲಿನ ಬಣ್ಣ, ಕ್ರೋಮ್ ಪಟ್ಟಿ, ಅಲ್ಯೂಮಿನಿಯಂ ಭಾಗಗಳ ಮೇಲೂ ಹುಳಿ ನಿಲ್ಲಬಾರದು. ಗಾಜಿನ ಕೆಳಗಿನ ರಬ್ಬರ್ ಬೀಡಿಂಗ್ ಉದ್ದಕ್ಕೂ ಒಂದು ಒಣ ಟವೆಲ್ಲನ್ನು ಮಡಿಸಿ ಒತ್ತಿಟ್ಟರೆ ಇಳಿದು ಬರುವ ದ್ರಾವಣವನ್ನು ಅದು ಹೀರಿಕೊಳ್ಳುತ್ತದೆ.

ದ್ರಾವಣವನ್ನು ಗಾಜಿಗೆ ಸಿಂಪಡಿಸಿದರೆ ಅರ್ಧಕ್ಕರ್ಧ ಹರಿದು ಕೆಳಗೆ ಹೋಗುತ್ತದೆ. ಅದಕ್ಕಿಂತ ತೆಳುವಾದ ಹಳೆಯ ಹತ್ತಿ ಪಂಚೆಯ ತುಂಡನ್ನೋ ಪೇಪರ್ ಟವೆಲ್ಲನ್ನೋ ದ್ರಾವಣದಲ್ಲಿ ಅದ್ದಿ, ಹನಿ ಸೋರದಷ್ಟು ಹಿಂಡಿ, ಗಾಜಿಗೆ ಅಂಟಿಸಿಬಿಡಿ. ಅಂಗೈಯಿಂದ ಸವರಿ ಒಳಗಿನ ಗಾಳಿಗುಳ್ಳೆಗಳನ್ನು ಅಂಚಿಗೆ ತಳ್ಳಬೇಕು. ಗುಳ್ಳೆಯಿದ್ದ ಜಾಗಕ್ಕೆ ಹುಳಿ ತಾಗುವುದಿಲ್ಲ. ಅದರ ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ನಮ್ಮ ಒಣಗಾಳಿಯಲ್ಲೂ ಬಟ್ಟೆ ಆರುವುದಿಲ್ಲ. ಹತ್ತು ನಿಮಿಷ ಹಾಗೆಯೇ ಬಿಡಿ, ನಡುವೆ ಎಲ್ಲಾದರೂ ಒಣಗುತ್ತಿದ್ದರೆ ಅಲ್ಲಿಗೆ ಇನ್ನಷ್ಟು ದ್ರಾವಣ ಸಿಂಪಡಿಸಿ. ನಾಲ್ಕೂ ಗಾಜುಗಳನ್ನು ಒಟ್ಟಿಗೆ ಹಿಡಿಯದೆ ಒಂದಾದ ಮೇಲೊಂದರಂತೆ ಮಾಡಬೇಕು. ಬಳಿಕ ಬಟ್ಟೆಯನ್ನು ತೆಗೆದು, ಅದೇ ಒದ್ದೆಯಲ್ಲಿ ಮೈಕ್ರೋಫೈಬರಿನಿಂದ ಸಣ್ಣ ಸುತ್ತುಗಳಲ್ಲಿ, ಬೆರಳ ತುದಿಯ ಭಾರ ಮಾತ್ರ ಬೀಳುವಂತೆ ಸವರಿ. ಮೊದಮೊದಲು ಬಟ್ಟೆಗೆ ತರಿತರಿಯಾಗಿ ತಡೆಯುತ್ತಿದ್ದ ಗಾಜು ನೋಡನೋಡುತ್ತಿದ್ದಂತೆ ನುಣುಪಾಗುವುದು ಕೈಗೇ ತಿಳಿಯುತ್ತದೆ. ಎಲ್ಲಿ ಇನ್ನೂ ತಡೆಯುತ್ತದೋ ಅಲ್ಲಿ ಉಂಗುರದ ಅಂಚು ಉಳಿದಿದೆ ಎಂದು ಅರ್ಥ. ಅಲ್ಲಿ ಬಲ ಹಾಕದೆ ಮತ್ತೊಮ್ಮೆ ನೆನೆಸಿ. ವರ್ಷಗಟ್ಟಲೆ ಕೂತದ್ದು ಎರಡು, ಮೂರು ಸಲ ನೆನೆಸುವುದನ್ನು ಬೇಡುತ್ತದೆ, ಅದರಲ್ಲಿ ಅಚ್ಚರಿಯಿಲ್ಲ. ಕೊನೆಗೆ ಶಾಂಪೂ ನೀರಿನಲ್ಲಿ ತೊಳೆದು, ಆರ್‌ಒ ನೀರಿನಲ್ಲಿ ಜಾಲಿಸಿ, ಒಣ ಬಟ್ಟೆಯಿಂದ ಒರೆಸಿ.

ಹುಳಿಗೂ ಹೋಗದೆ ಉಳಿದ ತೆಳು ಮಬ್ಬಿಗೆ ಕಾರಣ ಸಿಲಿಕಾ, ಜಿಪ್ಸಂ ಅಥವಾ ಧೂಳು ಕಲಸಿದ ಪದರ. ಇದಕ್ಕೆ ಕಾರಿನ ಸಾಮಾನು ಮಾರುವಲ್ಲಿ ಸಿಗುವ ಕ್ಲೇ ಬಾರನ್ನು, ಅಂದರೆ ಅಂಟಿದ ಕೊಳೆಯನ್ನು ಎತ್ತಿಕೊಳ್ಳುವ ಜೇಡಿಯಂಥ ಮೆತ್ತನೆಯ ಮುದ್ದೆಯನ್ನು, ಶಾಂಪೂ ನೀರು ಹೊಯ್ದ ಗಾಜಿನ ಮೇಲೆ ಜಾರಿಸಿ ನೋಡಬಹುದು. ಅದು ನೆಲಕ್ಕೆ ಬಿದ್ದರೆ ಮರಳು ಮೆತ್ತಿಕೊಂಡಿರುತ್ತದೆ, ಮತ್ತೆ ಬಳಸದೆ ಎಸೆಯಬೇಕು. ಅದರಿಂದಲೂ ಆಗದಿದ್ದರೆ ಸೀರಿಯಂ ಆಕ್ಸೈಡ್ ಪುಡಿ. ಗಾಜಿನ ಕೆಲಸದವರು ಹೊಳಪು ಕೊಡಲು ಬಳಸುವ ಪುಡಿ ಇದೇ. ನೀರಿನಲ್ಲಿ ಮಜ್ಜಿಗೆಯಷ್ಟು ತೆಳುವಾಗಿ ಕಲಸಿ, ಫೆಲ್ಟ್ ಪ್ಯಾಡಿನಿಂದ, ಅಂದರೆ ಒತ್ತಿ ಮಾಡಿದ ಉಣ್ಣೆಯ ಮೆತ್ತೆಯಿಂದ, ಕೈಯಲ್ಲೇ ಉಜ್ಜಬೇಕು. ಗಾಜು ಒಣಗಲು ಬಿಡಬಾರದು, ಬಿಸಿಯಾಗಲೂ ಬಿಡಬಾರದು. ಇದು ಗಾಜಿನ ಮೈಯನ್ನೇ ಕೂದಲೆಳೆಯಷ್ಟು ಸವೆಸಿ ಹೊಳಪು ತರುವ ಕೆಲಸವಾದ್ದರಿಂದ ಪಕ್ಕದ ಕಿಟಕಿಗಳಿಗೆ ಸರಿ. ಮುಂದಿನ ಗಾಜಿನಲ್ಲಿ, ಅದರಲ್ಲೂ ಚಾಲಕರ ಕಣ್ಣಿನ ನೇರದಲ್ಲಿ, ಯಂತ್ರ ಹಿಡಿದು ಒಂದೇ ಕಡೆ ಉಜ್ಜಿದರೆ ಅಲ್ಲಿ ತಗ್ಗು ಬಿದ್ದು ರಸ್ತೆಯ ಗೆರೆಗಳು ಬಾಗಿದಂತೆ ಕಾಣತೊಡಗುತ್ತವೆ. ಆ ಭಾಗದಲ್ಲಿ ಕುಳಿ ಬಿದ್ದಿದ್ದರೆ ಅನುಭವಸ್ಥರಿಗೆ ತೋರಿಸುವುದು, ಅವರೂ ಆಗದು ಎಂದರೆ ಗಾಜು ಬದಲಿಸುವುದು ಸರಿಯಾದ ದಾರಿ. ಬ್ಲೇಡಿನಿಂದ ಕೆರೆಯುವ ಸಲಹೆಯನ್ನು ನಾನು ಕೊಡುವುದಿಲ್ಲ. ಪಕ್ಕದ ಕಿಟಕಿಗಳು ಕಾಯಿಸಿ ಗಟ್ಟಿಗೊಳಿಸಿದ ಗಾಜಾಗಿದ್ದು, ಅದರ ಮೈಗೆ ಅಂಟಿರಬಹುದಾದ ಕಣ್ಣಿಗೆ ಕಾಣದ ಕಣಗಳು ಬ್ಲೇಡಿಗೆ ಸಿಕ್ಕಿ ಉದ್ದಕ್ಕೂ ಗೀರು ಎಳೆಯುತ್ತವೆ.

ಬಚ್ಚಲು ತೊಳೆಯುವ ಆಸಿಡ್ಡನ್ನು ಗಾಜಿಗೆ ಹಚ್ಚಬಾರದು. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಸುಣ್ಣವನ್ನು ಕ್ಷಣದಲ್ಲಿ ತೆಗೆಯುತ್ತದೆ ನಿಜ, ಆದರೆ ಅದರ ಹಬೆ ಮತ್ತು ಹನಿಗಳು ಕ್ರೋಮನ್ನು ಕಪ್ಪಾಗಿಸುತ್ತವೆ, ಬಾಗಿಲಿನ ತಗಡಿನ ಸಂದುಗಳಲ್ಲಿ ಸೇರಿ ತುಕ್ಕು ಹಿಡಿಸುತ್ತವೆ, ಕಣ್ಣಿಗೂ ಉಸಿರಿಗೂ ಕೇಡು. ಯಾವುದೇ ಹುಳಿಯನ್ನು ಬ್ಲೀಚಿಂಗ್ ಪುಡಿಯ ಜೊತೆ ಸೇರಿಸಬಾರದು. ಕ್ಲೋರಿನ್ ಎಂಬ ವಿಷಾನಿಲ ಹೊರಬರುತ್ತದೆ. ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಎಂದು ಬರೆದಿರುವ ದ್ರವ ಎಷ್ಟೇ ಹೊಳಪು ಕೊಟ್ಟರೂ ಮನೆಗೆ ತರಬಾರದು, ಏಕೆಂದರೆ ಅದು ಗಾಜನ್ನೇ ಕರಗಿಸುತ್ತದೆ, ಚರ್ಮದ ಮೂಲಕ ಒಳಕ್ಕಿಳಿದು ಜೀವಕ್ಕೂ ಅಪಾಯ ತರಬಲ್ಲದು. ವಿನೆಗರಿಗೆ ಅಡುಗೆ ಸೋಡಾ ಬೆರೆಸಿ ಹಚ್ಚುವ ಉಪಾಯ ಬಹಳ ಕಡೆ ಓಡಾಡುತ್ತಿದೆ. ನೊರೆ ಬರುವುದನ್ನು ನೋಡಿ ಜನ ನಂಬುತ್ತಾರೆ, ಆದರೆ ಹುಳಿಯೂ ಕ್ಷಾರವೂ ಒಂದನ್ನೊಂದು ತಟಸ್ಥಗೊಳಿಸಿ ಕಲೆ ಕರಗಿಸುವ ಬಲವೇ ಉಳಿದಿರುವುದಿಲ್ಲ. ಪಾತ್ರೆ ತಿಕ್ಕುವ ಉಕ್ಕಿನ ನಾರು, ಮರಳುಕಾಗದ ಇವುಗಳ ಮಾತೇ ಬೇಡ.

ಗಾಜಿನ ಒಳಮೈಗೆ ಸಾಮಾನ್ಯವಾಗಿ ಈ ಯಾವುದೂ ಬೇಕಾಗುವುದಿಲ್ಲ, ಒದ್ದೆ ಬಟ್ಟೆ ಸಾಕು. ಹಿಂದಿನ ಗಾಜಿನ ಒಳಗೆ ಮಂಜು ಕರಗಿಸುವ ತೆಳು ತಂತಿಗೆರೆಗಳಿದ್ದರೆ ಅವುಗಳ ಉದ್ದಕ್ಕೆ ಮಾತ್ರ ಮೆಲ್ಲಗೆ ಒರೆಸಬೇಕು.

ಇಷ್ಟೆಲ್ಲ ಶ್ರಮ ಪಟ್ಟು ಗಾಜನ್ನು ತಿಳಿಯಾಗಿಸಿದ ಮೇಲೆ ಮತ್ತೆ ಬೋರ್ ನೀರಿನ ಪೈಪು ಹಿಡಿದು, ಹಾಗೆಯೇ ಬಿಸಿಲಿಗೆ ಒಣಗಲು ಬಿಟ್ಟರೆ ಒಂದೇ ದಿನದಲ್ಲಿ ಕಲೆ ಹಿಂದಿರುಗುತ್ತದೆ. ತೊಳೆಯಲು ಬೋರ್ ನೀರನ್ನೇ ಬಳಸಿ, ಅಡ್ಡಿಯಿಲ್ಲ. ಗಾಜನ್ನು ಕೊನೆಗೆ ಮುಟ್ಟುವ ನೀರು ಮಾತ್ರ ಬೇರೆಯಾಗಿರಲಿ. ಎಲ್ಲ ಗಾಜುಗಳನ್ನು ಜಾಲಿಸಲು ಎರಡು ಮೂರು ಲೀಟರು ಸಾಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನಲ್ಲಿ ಅಷ್ಟನ್ನು ಎತ್ತಿಡಬಹುದು. ಕುಡಿಯುವ ನೀರನ್ನು ಕಾರಿಗೆ ಹೊಯ್ಯಲು ಮನಸ್ಸು ಬಾರದವರಿಗೆ, ಆ ಹಿಂಜರಿಕೆ ನ್ಯಾಯವಾದದ್ದೇ, ಇನ್ನೂ ಒಳ್ಳೆಯ ದಾರಿಯಿದೆ: ಮನೆಯ ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರು ಗಾಳಿಯ ತೇವ ತಂಪಾಗಿ ಇಳಿದದ್ದು, ಅದರಲ್ಲಿ ಸುಣ್ಣ ಇಲ್ಲವೆನ್ನುವಷ್ಟು ಕಡಿಮೆ. ಮಳೆಗಾಲದಲ್ಲಿ ಮಾಳಿಗೆಯಿಂದ ಹಿಡಿದ ನೀರೂ ಅಷ್ಟೇ ಮೃದು, ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟಿರಬೇಕಷ್ಟೆ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ಆ ನೀರು ಬೋರ್ ನೀರಿಗಿಂತ ಮೃದುವಾಗಿರುತ್ತದೆ. ಬಕೆಟಿನಲ್ಲಿ ಒಂದು ರಾತ್ರಿ ಇಟ್ಟು, ಕೆಸರು ತಳಕ್ಕಿಳಿದ ಮೇಲೆ ತಿಳಿಯನ್ನು ಬಸಿದುಕೊಳ್ಳಬೇಕು. ಮನೆಗೆ ಸಾಫ್ಟ್‌ನರ್ ಹಾಕಿಸಿದವರು ಒಂದು ವಿಷಯ ತಿಳಿದಿರಲಿ: ಅದು ಕ್ಯಾಲ್ಸಿಯಂ ತೆಗೆದು ಆ ಜಾಗದಲ್ಲಿ ಸೋಡಿಯಂ ಕೂರಿಸುತ್ತದೆಯೇ ಹೊರತು ಲವಣವನ್ನು ಕಡಿಮೆ ಮಾಡುವುದಿಲ್ಲ. ಕಲೆ ಬರುವುದು ನಿಲ್ಲದು, ಆದರೆ ಒದ್ದೆ ಬಟ್ಟೆಗೆ ಹೋಗುವಂಥದಾಗಿರುತ್ತದೆ.

ವಾಟರ್ ಸರ್ವಿಸ್‌ಗೆ ಕೊಡುವವರು ಅಲ್ಲಿನ ಹುಡುಗರಿಗೆ ಗಾಜನ್ನು ಮೊದಲು ಒರೆಸಿ, ಆಮೇಲೆ ಬಾಡಿ ಒರೆಸಲು ಹೇಳಬೇಕು. ಎಲ್ಲ ಕಡೆಯೂ ಗಾಜಿನ ಸರದಿ ಕೊನೆಗೆ ಬರುತ್ತದೆ, ಅಷ್ಟರಲ್ಲಿ ಅದು ಒಣಗಿರುತ್ತದೆ. ಗಾಜಿಗೆ ನೀರು ನಿಲ್ಲದಂತೆ ಹಚ್ಚುವ ರೈನ್ ರಿಪೆಲೆಂಟ್ ದ್ರವವನ್ನು ಶುಚಿಯಾದ ಗಾಜಿನ ಮೇಲೆ ಕೆಲವು ತಿಂಗಳಿಗೊಮ್ಮೆ ಹಚ್ಚಿದರೆ ಹನಿಗಳು ಉರುಳಿ ಇಳಿಯುತ್ತವೆ, ಉಳಿದ ಕಲೆಯೂ ಸಡಿಲವಾಗಿ ಕೂರುತ್ತದೆ. ವೈಪರಿಗೆ ನೀರು ಚಿಮ್ಮಿಸುವ ಡಬ್ಬಿಗೂ ಬೋರ್ ನೀರು ತುಂಬಬೇಡಿ. ಅದರ ಸಣ್ಣ ತೂತುಗಳು ಸುಣ್ಣ ಕಟ್ಟಿ ಮುಚ್ಚಿಹೋಗುತ್ತವೆ, ಧಾರೆ ಓರೆಯಾಗುತ್ತದೆ, ವೈಪರು ಒಣ ಧೂಳನ್ನೇ ಗಾಜಿನ ಮೇಲೆ ಎಳೆಯುತ್ತದೆ. ಈಗಾಗಲೇ ಮುಚ್ಚಿದ್ದರೆ ತೂತಿನ ಬಾಯಿಗೆ ವಿನೆಗರಿನಲ್ಲಿ ಅದ್ದಿದ ಹತ್ತಿಯನ್ನು ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಸಣ್ಣ ಸೂಜಿಯಿಂದ ಬಿಡಿಸಿ, ಡಬ್ಬಿಯ ನೀರನ್ನು ಬದಲಿಸಿ.